ಬೆಟ್ಟ ದಾಟಿದವರಿಗೇ ಕೊನೆಯ 200 ಮೀಟರ್

‘ಏನೋ ತಮ್ಮಾ, ಇನ್ನೂ ಸೈಕಲ್ ಹೊಡಿತೀಯೇನು? ನೌಕರಿ ಯಾವಾಗ ಹಿಡಿಯಾಂವ?’

ಬೆಳಿಗ್ಗೆ ಹುನಗುಂದದಿಂದ ಇಳಕಲ್ ಕಡೆ ಸೈಕಲ್ ತುಳಿಯುವಾಗ ಚಹಾದಂಗಡಿ ಮುಂದೆ ಕೂತ ಕಾಕಾ ಕೇಳುವ ಪ್ರಶ್ನೆ ಇದು. ನನಗೀಗ 24. ಜಾತ್ರೆಯ ಸೈಕಲ್ ಸ್ಪರ್ಧೆಯಲ್ಲಿ ಒಮ್ಮೆ ಮೂರನೇ ಬಹುಮಾನ ಬಂದದ್ದು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಕಾನ್‌ಸ್ಟೆಬಲ್ ಪರೀಕ್ಷೆಯಲ್ಲಿ ಎರಡು ಸಲ ಸ್ವಲ್ಪದರಲ್ಲೇ ಹುದ್ದೆ ಕೈತಪ್ಪಿದೆ. ಹಾಗಾಗಿ ನಕ್ಕು ಮುಂದೆ ಹೋಗುತ್ತೇನೆ.

ಬಾಗಲಕೋಟೆ, ವಿಜಯಪುರದವರಿಗೆ ಸೈಕ್ಲಿಂಗ್ ಹೊಸದಲ್ಲ. ಇಲ್ಲಿಂದ ರಾಷ್ಟ್ರಮಟ್ಟದಲ್ಲಿ ಪದಕ ತಂದವರಿದ್ದಾರೆ. ಆದರೆ ನಮ್ಮಲ್ಲಿ ಸೈಕಲ್ ಅಂದರೆ ನೌಕರಿಯ ಏಣಿ. ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕರೆ ಗೆದ್ದಂತೆ. ಸಿಗದಿದ್ದರೆ 22ನೇ ವಯಸ್ಸಿಗೇ ‘ಮುಗೀತು’. ನನ್ನ ತಕರಾರು ಈ ‘ಮುಗೀತು’ ಎಂಬ ಮಾತಿನ ಮೇಲೆ.

ಬ್ರಿಟನ್ನಿನ ಸ್ಪ್ರಿಂಟರ್ ಮಾರ್ಕ್ ಕ್ಯಾವೆಂಡಿಶ್‌ಗೂ ಜಗತ್ತು ಇದನ್ನೇ ಹೇಳಿತ್ತು. ಹದಿಹರೆಯದಲ್ಲಿ ಬ್ಯಾಂಕಿನಲ್ಲಿ ದುಡಿದು ಹಣ ಕೂಡಿಟ್ಟು ಸೈಕ್ಲಿಂಗ್‌ಗೆ ಇಳಿದ ಹುಡುಗ ಆತ. 2008ರಿಂದ 2016ರವರೆಗೆ ಟೂರ್ ಡಿ ಫ್ರಾನ್ಸ್‌ನಲ್ಲಿ 30 ಹಂತ ಗೆದ್ದ. 2011ರಲ್ಲಿ ವಿಶ್ವ ಚಾಂಪಿಯನ್ ಆದ. ಆಮೇಲೆ ವೈರಸ್ ಕಾಯಿಲೆ, ಖಿನ್ನತೆ, ಮೂರು ವರ್ಷ ಒಂದೂ ಗೆಲುವಿಲ್ಲ. 2020ರಲ್ಲಿ ಒಂದು ಸ್ಪರ್ಧೆಯ ನಂತರ, ‘ಇದೇ ಕೊನೆಯದಿರಬಹುದು’ ಎಂದು ಕ್ಯಾಮೆರಾ ಮುಂದೆಯೇ ಅತ್ತ. ಮರುವರ್ಷ ತೀರಾ ಕಡಿಮೆ ಸಂಬಳಕ್ಕೆ ಹಳೆಯ ತಂಡ ಸೇರಿ, ಗಾಯಗೊಂಡ ಸಹಸವಾರನ ಜಾಗದಲ್ಲಿ ಟೂರ್‌ಗೆ ಹೋಗಿ 4 ಹಂತ ಗೆದ್ದ. ಎಡಿ ಮರ್ಕ್ಸ್‌ರ 34ರ ದಾಖಲೆ ಸಮವಾಯಿತು. 2023ರಲ್ಲಿ ಬಿದ್ದು ಕತ್ತಿನ ಬಳಿಯ ಎಲುಬು ಮುರಿಯಿತು. 2024ರ ಜುಲೈ 3ರಂದು, 39ನೇ ವಯಸ್ಸಿನಲ್ಲಿ, 35ನೇ ಹಂತ ಗೆದ್ದ. ಅದೇ ನವೆಂಬರ್‌ನಲ್ಲಿ ಸಿಂಗಪುರದಲ್ಲಿ ಕೊನೆಯ ಸ್ಪರ್ಧೆಯನ್ನೂ ಗೆದ್ದು ನಿವೃತ್ತನಾದ.

ಜನ ಆತನನ್ನು ಇಷ್ಟಪಡುವುದು 35 ಎಂಬ ಅಂಕಿಗಾಗಿ ಮಾತ್ರವಲ್ಲ. ಟಿ.ವಿ.ಯಲ್ಲಿ ಕಾಣುವುದು ಕೊನೆಯ 200 ಮೀಟರ್. ಅಲ್ಲಿಯವರೆಗೆ ಜೊತೆಗಾರರು ಮುಂದೆ ನಿಂತು ಗಾಳಿ ಸೀಳುತ್ತಾರೆ. ಸ್ಪ್ರಿಂಟರ್ ಅವರ ಬೆನ್ನಹಿಂದೆ ಶಕ್ತಿ ಉಳಿಸಿಕೊಳ್ಳುತ್ತಾನೆ. ಬೆಟ್ಟದ ಹಂತಗಳಲ್ಲಂತೂ ಆತ ಗೆಲ್ಲುವ ಮಾತೇ ಇಲ್ಲ. ನಿಗದಿತ ಸಮಯದೊಳಗೆ ಗುರಿ ಮುಟ್ಟದಿದ್ದರೆ ನೇರ ಮನೆಗೆ. 2018ರಲ್ಲಿ ಕ್ಯಾವೆಂಡಿಶ್ ಹಾಗೆ ಹೊರಬಿದ್ದಿದ್ದ. 2024ರ ಮೊದಲ ದಿನವೂ ಬಿಸಿಲಿಗೆ ವಾಂತಿ ಮಾಡಿಕೊಂಡು ಹಿಂದೆ ಬಿದ್ದಾಗ ಜೊತೆಗಾರರು ಬಿಟ್ಟುಹೋಗಲಿಲ್ಲ. ನಾಲ್ಕು ದಿನಗಳ ನಂತರ ದಾಖಲೆ ಬಂತು.

ಇದನ್ನು ಓದಿ ‘ನೀವೂ ಬಿಡದೆ ಪ್ರಯತ್ನಿಸಿ’ ಎಂದು ಉಪದೇಶ ಮಾಡುವುದು ಸುಲಭ. ಆದರೆ ಕ್ಯಾವೆಂಡಿಶ್‌ಗೆ ತಂಡವಿತ್ತು, ವೈದ್ಯರಿದ್ದರು, ಕಡಿಮೆಯಾದರೂ ಸಂಬಳವಿತ್ತು. ಬಾದಾಮಿಯ ಹುಡುಗಿಗೆ ಟೈರ್ ಹರಿದರೆ ಹೊಸದು ಕೊಳ್ಳಲು ಮನೆಯಲ್ಲಿ ಎರಡು ಸಲ ಕೇಳಬೇಕು. ಛಲದ ಪಾಠ ಹೇಳುವ ಮೊದಲು ಗಾಳಿಗೆ ಅಡ್ಡ ನಿಲ್ಲುವವರು ಯಾರು ಎಂದು ಕೇಳಿಕೊಳ್ಳಬೇಕು. ಗೆದ್ದವರಿಗೆ ಶಾಲು ಹೊದಿಸುವ ದುಡ್ಡಿನಲ್ಲಿ ಅರ್ಧ, ಇನ್ನೂ ಗೆಲ್ಲದವರ ಟೈರಿಗೆ ಹೋಗಲಿ.

ನನಗೆ ಮುಂದೆ ನಿಂತವಳು ಅವ್ವ. ಇಳಕಲ್ ಸೀರೆಯ ಮಗ್ಗದಲ್ಲಿ ಕೂತ ಅವಳ ದುಡಿಮೆಯೇ ನನ್ನ ಪುಸ್ತಕ, ಪರೀಕ್ಷೆ ಶುಲ್ಕ. ಸದ್ಯ ನಾನು ಬೆಟ್ಟದ ಹಂತದಲ್ಲಿದ್ದೇನೆ. ಇಲ್ಲಿ ಗೆಲ್ಲಬೇಕಿಲ್ಲ, ಸಮಯದೊಳಗೆ ದಾಟಿದರೆ ಸಾಕು. ನಾಳೆ ಕಾಕಾ ಮತ್ತೆ ಕೇಳಿದರೆ ಹೇಳುತ್ತೇನೆ: ‘ಹೌದ್ರಿ ಕಾಕಾ, ಇನ್ನೂ ಹೊಡಿಯಾಕತ್ತೇನಿ.’