ಎಚ್ಚರಿಸುವವನ ಸ್ಥಾನ

ಅಂತರರಾಷ್ಟ್ರೀಯ ವಾಣಿಜ್ಯದಲ್ಲಿ ನಡೆಯತಕ್ಕ ಆರ್ಥಿಕ ಅಪರಾಧಗಳಿಗೆ ಕಾನೂನಿನ ಅಭಾವವೇ ಕಾರಣವೆಂದು ನಂಬಿರುವವರು ಡೆನ್ಮಾರ್ಕಿನ ಡಾನ್ಸ್ಕೆ ಬ್ಯಾಂಕಿನ ವೃತ್ತಾಂತವನ್ನು ಸಾವಧಾನವಾಗಿ ಪರಿಶೀಲಿಸಬೇಕು. ಕೇವಲ 13 ಲಕ್ಷದಷ್ಟು ಜನರಿರುವ ಎಸ್ಟೋನಿಯ ದೇಶದ ರಾಜಧಾನಿಯಾದ ತಾಲಿನ್ ನಗರದಲ್ಲಿದ್ದ ಆ ಬ್ಯಾಂಕಿನ ಶಾಖೆಯ ಮೂಲಕ, 2007ರಿಂದ 2015ರ ವರೆಗಿನ ಅವಧಿಯಲ್ಲಿ, ಆ ದೇಶದ ನಿವಾಸಿಗಳೇ ಅಲ್ಲದ ಗ್ರಾಹಕರ ಸುಮಾರು 20,000 ಕೋಟಿ ಯೂರೊ ಹಣ ಹರಿದುಹೋಯಿತೆಂಬುದು, ಬ್ಯಾಂಕು ತಾನೇ ನೇಮಿಸಿದ ವಕೀಲರ ವಿಚಾರಣೆಯಿಂದ 2018ರ ಸೆಪ್ಟೆಂಬರಿನಲ್ಲಿ ಬಹಿರಂಗವಾಯಿತು. ಅದರಲ್ಲಿ ಗಣನೀಯವಾದ ಭಾಗ ಸಂಶಯಾಸ್ಪದವೆಂದು ಬ್ಯಾಂಕೇ ಒಪ್ಪಿಕೊಂಡಿತು.

ಯೂರೋಪಿನಲ್ಲಿ ಆ ಕಾಲಕ್ಕೆ ಅಕ್ರಮ ಹಣ ವರ್ಗಾವಣೆಯನ್ನು ತಡೆಯುವ ಕಾನೂನುಗಳಿರಲಿಲ್ಲವೇ? ಇದ್ದುವು. ಎಚ್ಚರಿಕೆಯೂ ಇಲ್ಲದಿರಲಿಲ್ಲ. ಡಾನ್ಸ್ಕೆ ಬ್ಯಾಂಕು ಫಿನ್ಲೆಂಡಿನ ಸಾಂಪೊ ಬ್ಯಾಂಕನ್ನು ಕೊಂಡು ಅದರೊಡನೆ ಈ ಶಾಖೆಯನ್ನೂ ಪಡೆದ 2007ನೆಯ ವರ್ಷದಲ್ಲಿಯೇ, ಅಲ್ಲಿನ ಗ್ರಾಹಕರ ವ್ಯವಹಾರಗಳು ಸಂದೇಹಕ್ಕೆ ಆಸ್ಪದವೀಯುವಂತಿವೆಯೆಂದು ರಷ್ಯದ ಕೇಂದ್ರ ಬ್ಯಾಂಕು ತಿಳಿಸಿತ್ತು. ಮರುವರ್ಷ, ವೆಚ್ಚ ಅಧಿಕವಾಗುವುದೆಂಬ ಕಾರಣದಿಂದ, ತಾಲಿನ್ ಶಾಖೆಯ ಗಣಕವ್ಯವಸ್ಥೆಯನ್ನು ಪ್ರಧಾನ ಕಚೇರಿಯ ವ್ಯವಸ್ಥೆಯೊಡನೆ ಜೋಡಿಸುವ ಯೋಜನೆಯನ್ನು ಕೈಬಿಡಲಾಯಿತು. ಶಾಖೆಯ ಎಷ್ಟೋ ಕಾಗದಪತ್ರಗಳು ಎಸ್ಟೋನಿಯನ್ ಮತ್ತು ರಷ್ಯನ್ ಭಾಷೆಗಳಲ್ಲಿದ್ದುದರಿಂದ, ಕೋಪನ್‌ಹೇಗನ್ನಿನ ಮೇಲಧಿಕಾರಿಗಳಿಗೆ ಅಲ್ಲಿಂದ ಬರುತ್ತಿದ್ದ ಲಾಭವೊಂದು ಸ್ಪಷ್ಟವಾಗಿ ಕಾಣುತ್ತಿತ್ತೇ ಹೊರತು ಆ ಲಾಭ ಯಾರಿಂದ ಬಂತೆಂಬುದು ಕಾಣುತ್ತಿರಲಿಲ್ಲ. ಉಳಿದ ಲೋಪಗಳೆಲ್ಲ ಇದರಿಂದಲೇ ಹುಟ್ಟಿದುವೆಂದು ನನ್ನ ದೃಢವಾದ ಅಭಿಪ್ರಾಯ.

ಮೋಸವನ್ನು ಕಂಡುಹಿಡಿದ ರೀತಿಯಾದರೂ ಗಮನಾರ್ಹವಾದುದು. ಬಾಲ್ಟಿಕ್ ಪ್ರದೇಶದ ವಹಿವಾಟು ವಿಭಾಗಕ್ಕೆ ಮುಖ್ಯಸ್ಥರಾಗಿದ್ದ ಹೋವರ್ಡ್ ವಿಲ್ಕಿನ್ಸನ್ ಎಂಬವರು, ಶಾಖೆಯ ಗ್ರಾಹಕನಾಗಿದ್ದ ಬ್ರಿಟಿಷ್ ಪಾಲುದಾರಿಕೆ ಸಂಸ್ಥೆಯೊಂದರ ಲೆಕ್ಕಪತ್ರವನ್ನು ಬ್ರಿಟನ್ನಿನ ಸಾರ್ವಜನಿಕ ನೋಂದಣಿ ಕಚೇರಿಯಿಂದ ತರಿಸಿ ಓದಿದರು. ಅದರಲ್ಲಿ ಆ ಸಂಸ್ಥೆ ತಾನು ಯಾವ ವ್ಯವಹಾರವನ್ನೂ ನಡೆಸುತ್ತಿಲ್ಲವೆಂದು ಘೋಷಿಸಿಕೊಂಡಿತ್ತು. ತಾಲಿನ್ನಿನ ಖಾತೆಯಲ್ಲಿಯಾದರೋ ಅದೇ ಸಂಸ್ಥೆಯ ಹೆಸರಿನಲ್ಲಿ ಅಪಾರ ಹಣ ಬಂದುಹೋಗುತ್ತಿತ್ತು. ಯಾರು ಬೇಕಾದರೂ ತರಿಸಿಕೊಳ್ಳಬಹುದಾಗಿದ್ದ ಒಂದು ಕಾಗದವನ್ನು ಖಾತೆಯ ಪಕ್ಕದಲ್ಲಿಟ್ಟು ನೋಡಿದ್ದು, ಇಷ್ಟೇ ಅವರು ಮಾಡಿದ ಶೋಧ. 2013ರ ಡಿಸೆಂಬರಿನಲ್ಲಿ, ಬ್ಯಾಂಕು ತಿಳಿದೂ ತಿಳಿದೂ ಅಪರಾಧಿಗಳೊಡನೆ ವ್ಯವಹರಿಸುತ್ತಿದೆಯೆಂದು ಅವರು ಮೇಲಧಿಕಾರಿಗಳಿಗೆ ಬರೆದರು. ಆ ಬಳಿಕವೂ ಅನಿವಾಸಿ ಗ್ರಾಹಕರ ವ್ಯವಹಾರ ಪೂರ್ಣವಾಗಿ ನಿಂತುದು 2015ರ ಅಂತ್ಯದ ಹೊತ್ತಿಗೆ. ವಿಲ್ಕಿನ್ಸನ್ನರು ಅದಕ್ಕೆ ಮೊದಲೇ ಬ್ಯಾಂಕನ್ನು ತೊರೆದಿದ್ದರು. 2018ರಲ್ಲಿ ಮುಖ್ಯಾಧಿಕಾರಿ ರಾಜೀನಾಮೆಯಿತ್ತರು. 2022ರಲ್ಲಿ ಅಮೆರಿಕದ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡ ಬ್ಯಾಂಕು 200 ಕೋಟಿ ಡಾಲರಿಗೂ ಮಿಕ್ಕಿದ ಮೊತ್ತವನ್ನು ತೆರಲು ಸಮ್ಮತಿಸಿತು. ಗಣಕವ್ಯವಸ್ಥೆಯ ಜೋಡಣೆಯನ್ನು ದುಬಾರಿಯೆಂದು ಕೈಬಿಟ್ಟುದು ಇದೇ ಬ್ಯಾಂಕು.

ಇದು ದೂರದೇಶದ ಮಾತೆಂದು ನಾವು ಉದಾಸೀನರಾಗುವಂತಿಲ್ಲ. ಇದೇ ಬ್ಯಾಂಕಿನ ತಂತ್ರಜ್ಞಾನ ಕೇಂದ್ರ ನಮ್ಮ ಬೆಂಗಳೂರಿನಲ್ಲಿತ್ತು. 2023ರಲ್ಲಿ ಇನ್ಫೋಸಿಸ್ ಅದನ್ನು ಅಲ್ಲಿನ 1,400ಕ್ಕೂ ಹೆಚ್ಚು ಮಂದಿ ನೌಕರರೊಡನೆ ವಹಿಸಿಕೊಂಡಿತು. ಪರದೇಶದ ಹಲವು ಬ್ಯಾಂಕುಗಳಿಗಾಗಿ ಕೆವೈಸಿ ಕಡತಗಳನ್ನು ತೆರೆದು, ಅನುಮಾನಾಸ್ಪದ ವರ್ಗಾವಣೆಗಳನ್ನು ಪರೀಕ್ಷಿಸತಕ್ಕ ಕೆಲಸದಲ್ಲಿ ಈ ನಗರದ ಎಷ್ಟೋ ಮಂದಿ ತರುಣ ತರುಣಿಯರು ಹಗಲಿರುಳೆನ್ನದೆ ತೊಡಗಿದ್ದಾರೆ. ಕಡತದ ಮೇಲೆ ಅವರಲ್ಲೊಬ್ಬರಿಗೆ ಸಂದೇಹ ಹುಟ್ಟಿದರೆ, ದಿನಕ್ಕಿಷ್ಟು ಕಡತ ಮುಗಿಸಬೇಕೆಂಬ ಒತ್ತಡದ ನಡುವೆ ಅದನ್ನು ತಡೆದಿಡುವ ಅಧಿಕಾರ ಅವರಿಗಿರಬೇಕು; ತಡೆದುದಕ್ಕಾಗಿ ಅವರ ಬಡ್ತಿಗೆ ಕುಂದುಂಟಾಗಬಾರದು.

ನಮ್ಮ ರಿಸರ್ವ್ ಬ್ಯಾಂಕು 2020ರಲ್ಲಿ ಹೊರಡಿಸಿದ ಸುತ್ತೋಲೆಯೊಂದರಲ್ಲಿ, ನಿಯಮಪಾಲನೆಯ ಮುಖ್ಯಾಧಿಕಾರಿಗೆ ವ್ಯಾಪಾರದ ಗುರಿಗಳನ್ನು ಹೊರಿಸಕೂಡದೆಂದು ವಿಧಿಸಿರುವುದು ಅತ್ಯಂತ ವಿವೇಕಯುತವಾದ ಕ್ರಮ. ಆದರೆ ತಾಲಿನ್ನಿನಲ್ಲಿ ಕೆಟ್ಟುದು ಶಾಖೆ. ಆದಕಾರಣ ಈ ರಕ್ಷಣೆ ಶಿಖರದಲ್ಲಿರುವ ಒಬ್ಬರಿಗೆ ಮಾತ್ರ ಸೀಮಿತವಾಗಿ ನಿಲ್ಲದೆ, ಶಾಖೆಯಲ್ಲಿ ಕುಳಿತು ಗ್ರಾಹಕನ ಕಾಗದಗಳನ್ನು ನೋಡುವ ನೌಕರನವರೆಗೂ ಇಳಿದುಬರಬೇಕು. ಸರ್ಕಾರಿ ಸೇವಕರ ಭ್ರಷ್ಟಾಚಾರವನ್ನು ಬಯಲಿಗೆಳೆಯುವವರ ರಕ್ಷಣೆಗಾಗಿ ಸಂಸತ್ತು ಅಂಗೀಕರಿಸಿ, 2014ರಲ್ಲಿ ರಾಷ್ಟ್ರಪತಿಗಳ ಅಂಕಿತವನ್ನೂ ಪಡೆದ ಅಧಿನಿಯಮ ಜಾರಿಗೆ ಬಾರದೆ ವರ್ಷಗಟ್ಟಲೆ ಉಳಿದುದು ನನಗೆ ನಿಜಕ್ಕೂ ವ್ಯಥೆಯ ಸಂಗತಿ. ಕೇಂದ್ರ ಸರ್ಕಾರ ಅದನ್ನು ಜಾರಿಗೆ ತಂದು, ಖಾಸಗಿ ಬ್ಯಾಂಕುಗಳ ನೌಕರರಿಗೂ ಅನ್ವಯಿಸುವಂತೆ ವಿಸ್ತರಿಸಬೇಕು.