ಚೀಟಿ ಕೊಟ್ಟ ದೊರೆ, ಹಡಗು ಕಳೆದುಕೊಂಡ

ಮಕ್ಕಳೇ, ಯುದ್ಧದ ಕಥೆ ಎಂದ ಕೂಡಲೇ ಫಿರಂಗಿ ಎಷ್ಟು, ಹಡಗು ಎಷ್ಟು ಎಂದು ಕೇಳುತ್ತೀರಿ. ಈ ವಾರ ನಾನು ಹೇಳುವ ಕಥೆಯಲ್ಲಿ ಫಿರಂಗಿಗಿಂತ ಸಂಬಳದ್ದೇ ದೊಡ್ಡ ಮಾತು.

ಹಾಲೆಂಡ್ ಪುಟ್ಟ ದೇಶ. ಆದರೂ ಸಾಂಬಾರ ಪದಾರ್ಥಗಳ ಕಡಲ ವ್ಯಾಪಾರದಲ್ಲಿ ಅದೇ ಮುಂದು. ಇಂಗ್ಲೆಂಡಿಗೆ ಆ ವ್ಯಾಪಾರದ ಮೇಲೆ ಕಣ್ಣು. 1665ರಲ್ಲಿ ಎರಡಕ್ಕೂ ಯುದ್ಧ ಹತ್ತಿಕೊಂಡಿತು. ಅದೇ ವರ್ಷ ಲಂಡನ್ನಿಗೆ ಪ್ಲೇಗು ಬಡಿಯಿತು. ಮರುವರ್ಷ ಬೆಂಕಿ ಬಿದ್ದು ಊರಿನ ಬಹುಭಾಗ ಸುಟ್ಟುಹೋಯಿತು. ದೊರೆ ಎರಡನೆಯ ಚಾರ್ಲ್ಸನ ಬೊಕ್ಕಸ ಬರಿದಾಯಿತು.

ನಾವಿಕರಿಗೆ ಸಂಬಳದ ಬದಲು ಚೀಟಿ ಕೊಟ್ಟರು. ಚೀಟಿ ತಿಂದರೆ ಹೊಟ್ಟೆ ತುಂಬೀತೇ? ಪಾಪ, ಸಿಕ್ಕಷ್ಟಕ್ಕೆ ಅದನ್ನು ಮಾರಿಕೊಂಡರು. ಖರ್ಚು ಉಳಿಸಲೆಂದು ದೊಡ್ಡ ಹಡಗುಗಳನ್ನು ಮೆಡ್‌ವೇ ನದಿಯಲ್ಲಿ, ಚಾಥಮ್ ಎಂಬಲ್ಲಿ ಕಟ್ಟಿಹಾಕಿದರು. ಶತ್ರು ಬರದಂತೆ ನದಿಗೆ ಅಡ್ಡಲಾಗಿ ಕಬ್ಬಿಣದ ಸರಪಳಿ ಬಿಗಿದರು.

1667ರ ಜೂನ್‌ನಲ್ಲಿ ಡಚ್ಚರ ದಳಪತಿ ಡೆ ರಾಯ್ಟರ್‌ನ ಹಡಗುಗಳು ನದಿಯೊಳಕ್ಕೇ ನುಗ್ಗಿದವು. ಸರಪಳಿ ತಡೆಯಲಿಲ್ಲ. ಹಡಗುಗಳು ಹೊತ್ತಿ ಉರಿದವು. ದೊರೆಯ ಹೆಸರನ್ನೇ ಹೊತ್ತ ‘ರಾಯಲ್ ಚಾರ್ಲ್ಸ್’ ಹಡಗಿನಲ್ಲಿ ಕಾದಾಡಲು ಜನವೇ ಸಾಲದು! ಡಚ್ಚರು ಅದನ್ನು ತಮ್ಮೂರಿಗೆ ಎಳೆದೊಯ್ದರು. ಏಳು ವರ್ಷ ಹಿಂದೆ ಹಾಲೆಂಡಿನ ದಡದಿಂದ ಚಾರ್ಲ್ಸನನ್ನು ಪಟ್ಟಕ್ಕೆ ಕರೆತಂದದ್ದೂ ಅದೇ ಹಡಗು. ಅದರ ಹಿಂಬದಿಯ ಕೆತ್ತನೆ ಇಂದಿಗೂ ಆಮ್‌ಸ್ಟರ್‌ಡ್ಯಾಮಿನ ವಸ್ತುಸಂಗ್ರಹಾಲಯದಲ್ಲಿದೆ.

ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಸಂಗತಿ. ನೌಕಾ ಕಚೇರಿಯ ಅಧಿಕಾರಿ ಸ್ಯಾಮುಯೆಲ್ ಪೀಪ್ಸ್ ದಿನಚರಿ ಬರೆಯುತ್ತಿದ್ದ. ಡಚ್ ಹಡಗುಗಳ ಮೇಲಿಂದ ಇಂಗ್ಲಿಷ್ ದನಿಗಳು ಕೇಳಿಬಂದವೆಂದು ಅದರಲ್ಲಿದೆ. ಮೊದಲು ಚೀಟಿಗಾಗಿ ಕಾದಾಡಿದೆವು, ಈಗ ನಗದಿಗಾಗಿ ಕಾದಾಡುತ್ತೇವೆ ಎಂದು ಅವರು ಕೂಗಿದರಂತೆ. ಹೆದರಿದ ಪೀಪ್ಸ್ ತನ್ನ ಚಿನ್ನವನ್ನು ಹಳ್ಳಿಗೆ ಸಾಗಿಸಿದ!

ಮುಂದಿನ ತಿಂಗಳೇ ಬ್ರೆಡಾ ಊರಿನಲ್ಲಿ ಒಪ್ಪಂದವಾಯಿತು. ಜಾಯಿಕಾಯಿ ಬೆಳೆಯುವ ರನ್ ಎಂಬ ಪುಟ್ಟ ದ್ವೀಪ ಡಚ್ಚರಿಗೆ ಉಳಿಯಿತು. ಅಮೆರಿಕದಲ್ಲಿ ಇಂಗ್ಲಿಷರು ಮೊದಲೇ ಕಿತ್ತುಕೊಂಡಿದ್ದ ಡಚ್ಚರ ಊರು ಇಂಗ್ಲಿಷರಿಗೇ ಉಳಿಯಿತು. ಆ ಊರೇ ಇಂದಿನ ನ್ಯೂಯಾರ್ಕ್. ರನ್ ಸುತ್ತಲಿನ ಬಾಂಡಾ ದ್ವೀಪಗಳಲ್ಲಷ್ಟೇ ಆಗ ಜಾಯಿಕಾಯಿ ಬೆಳೆಯುತ್ತಿತ್ತು. ಈಗ ನಮ್ಮ ಕರಾವಳಿಯ ಅಡಿಕೆ ತೋಟಗಳಲ್ಲೂ ಬೆಳೆಯುತ್ತದೆ.

ಅಜ್ಜಿಯ ಸಾಂಬಾರ ಡಬ್ಬಿಯಲ್ಲಿ ಜಾಯಿಕಾಯಿ ಇದ್ದರೆ ಮೂಸಿ ನೋಡಿ. ಹಾಗೆಯೇ ಅಜ್ಜನನ್ನು ಕೇಳಿ: ಆ ನದಿಯನ್ನು ಕಾಯಲು ಸರಪಳಿ ಬೇಕಿತ್ತೋ, ಸಂಬಳ ಬೇಕಿತ್ತೋ?