ಹಸಿರು ವಲಯ: ಉತ್ತವನಿಗೆ ಬೇಲಿ, ಕಟ್ಟಿದವನಿಗೆ ಗೇಟು

ಶಿವರಾಮ ಕಾರಂತರು ದಶಕಗಟ್ಟಲೆ ಬಾಳಿದ್ದು ನಮ್ಮ ಪುತ್ತೂರಿನ ಬಾಲವನದಲ್ಲಿ. ಅವರ ಹೆಸರಿನ ಬಡಾವಣೆಯೊಂದು ಬೆಂಗಳೂರಿನಲ್ಲಿ ಉಂಟು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತೋ. ಯಲಹಂಕದ ಆಚೀಚೆಯ 17 ಹಳ್ಳಿಗಳ 3,546 ಎಕರೆ ಜಾಗ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ, ಮೊದಲ ಅಧಿಸೂಚನೆ ಹೊರಡಿಸಿದ್ದು 2008ರ ಡಿಸೆಂಬರ್‌ನಲ್ಲಿ. ಕೈಗಾದಲ್ಲಿ ಅಣುಸ್ಥಾವರ ಬೇಡ ಎಂದು 1989ರಲ್ಲಿ, ಎಂಬತ್ತೇಳರ ಪ್ರಾಯದಲ್ಲಿ, ಲೋಕಸಭಾ ಚುನಾವಣೆಗೆ ನಿಂತ ಹಿರಿಯರ ಹೆಸರು ಇದಕ್ಕೆ ಹೇಗೆ ಹೊಂದಿತು ಅಂತ ಇಟ್ಟವರೇ ಹೇಳಬೇಕು.

ಹೆಸರಿನ ವಿಷಯ ಅಲ್ಲಿಗೆ ಬಿಡುವ. ಆ ಹಳ್ಳಿಗಳಲ್ಲಿ ನಡೆದದ್ದು ಎರಡೆಕರೆ ಮೂರೆಕರೆಯವರಾದ ನಾವು ಗಮನಿಸಬೇಕಾದ ಸಂಗತಿ.

ಜಾಗ ಬಿಡುವುದಿಲ್ಲ ಎಂದು ಅಲ್ಲಿನ ಕೃಷಿಕರು ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಗೆದ್ದರು ಕೂಡ. 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿ, ಬಿಡಿಎ ಮುಂದುವರಿಯಲಿ ಎಂದಿತು. ಅಧಿಸೂಚನೆಯಿಂದ ತೀರ್ಪಿನವರೆಗೆ ಹತ್ತಿರ ಹತ್ತಿರ ಹತ್ತು ವರ್ಷ. ಈ ಹತ್ತು ವರ್ಷದ ಲೆಕ್ಕ ಪೇಟೆಯವರಿಗೆ ಅರ್ಥವಾಗಲಿಕ್ಕಿಲ್ಲ, ನಮಗೆ ಆಗುತ್ತದೆ. ಇವತ್ತು ಇಟ್ಟ ಅಡಿಕೆ ಸಸಿಯಲ್ಲಿ ಫಲ ಕಾಣಲು ಐದಾರು ವರ್ಷ ಬೇಕು. ತೆಂಗಿಗೂ ಅಷ್ಟೇ. ನಾಳೆ ಯಾರದ್ದಾಗುತ್ತದೋ ಗೊತ್ತಿಲ್ಲದ ಜಾಗಕ್ಕೆ ಸಸಿ ಇಡುವವರು ಯಾರು? ಬಾವಿಗೆ ದುಡ್ಡು ಸುರಿಯುವವರು ಯಾರು?

ಹಾಗಾಗಿ ಆ ವರ್ಷಗಳಲ್ಲಿ ಕೆಲವರು ಹೊಲವನ್ನು ಹೊಲವಾಗಿಯೇ ಇಟ್ಟುಕೊಂಡು ಕಾದರು. ಇನ್ನು ಕೆಲವು ಕಡೆ ಜಾಗ ಸೈಟುಗಳಾಗಿ ತುಂಡಾಯಿತು, ಮಾರಾಟವಾಯಿತು, ಮನೆಗಳೆದ್ದವು. ತೀರ್ಪು ಬಂದ ಮೇಲೆ ಈ ಮನೆಗಳಿಗೆ ಏನು ಗತಿ ಎಂಬ ಪ್ರಶ್ನೆ ಬಂತು. 2020ರ ಕೊನೆಗೆ ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಅವರ ಸಮಿತಿಯನ್ನು ನೇಮಿಸಿತು. 2018ರ ಆಗಸ್ಟ್ 3ಕ್ಕೆ ಮುಂಚೆ ಕಟ್ಟಿದ ಮನೆಗಳ ದಾಖಲೆ ನೋಡಿ ಸಮಿತಿ ಸಕ್ರಮಕ್ಕೆ ಶಿಫಾರಸು ಮಾಡಿತು. ಬೆವರಿನ ದುಡ್ಡಿನಲ್ಲಿ ಮನೆ ಕಟ್ಟಿಕೊಂಡವರ ಮೇಲೆ ನನಗೇನೂ ಸಿಟ್ಟಿಲ್ಲ. ಅವರ ಮನೆ ಕೆಡವಬೇಕು ಎಂದೂ ನಾನು ಹೇಳುವುದಿಲ್ಲ. ಆದರೆ ಒಟ್ಟು ಫಲಿತಾಂಶ ಎಂತ ಆಯಿತು ನೋಡಿ. ಕಟ್ಟಿದವನ ಜಾಗ ಉಳಿಯಿತು. ಉತ್ತುಕೊಂಡು, ಬಿತ್ತಿಕೊಂಡು, ಹಸಿರಾಗಿ ಇಟ್ಟುಕೊಂಡವನ ಜಾಗ ಹೋಯಿತು. ಹಸಿರಾಗಿ ಇಟ್ಟುಕೊಂಡದ್ದೇ ತಪ್ಪು ಎಂಬ ಹಾಗೆ!

ಇದು ಅದೊಂದೇ ಬಡಾವಣೆಯ ಕತೆಯಲ್ಲ. ಅರ್ಕಾವತಿ ಬಡಾವಣೆಯ ಹೆಸರು ಪೇಪರಿನಲ್ಲಿ ಎಲ್ಲರೂ ಓದಿರುತ್ತೀರಿ. 2004ರಲ್ಲಿ 16 ಹಳ್ಳಿಗಳ 2,750 ಎಕರೆಗೆ ಅಂತಿಮ ಅಧಿಸೂಚನೆಯಾಯಿತು. ಕೃಷಿಕರು ವಿರೋಧಿಸಿದರು. ಅವರ ಒಂದು ವಾದ ಬಹಳ ಸರಳ. "ಸ್ವಾಮೀ, ನಮ್ಮ ಜಾಗ ನಿಮ್ಮದೇ ನಕ್ಷೆಯಲ್ಲಿ ಹಸಿರು ವಲಯ. ಅಲ್ಲಿ ಬಡಾವಣೆ ಹೇಗೆ ಮಾಡ್ತೀರಿ?" ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2010ರಲ್ಲಿ ಕೋರ್ಟು ಬಡಾವಣೆಯನ್ನು ಎತ್ತಿಹಿಡಿಯಿತು, ಜತೆಗೆ ಕೆಲವು ಬಗೆಯ ಜಾಗದವರು ಕೈಬಿಡುವಂತೆ ಬಿಡಿಎ ಮುಂದೆ ಅರ್ಜಿ ಹಾಕಬಹುದು ಎಂದಿತು. ಹಸಿರು ವಲಯದಲ್ಲಿರುವ ಜಾಗ, ಪೂರ್ತಿ ಕಟ್ಟಡ ತುಂಬಿದ ಜಾಗ, ನರ್ಸರಿ, ಕಾರ್ಖಾನೆ ಇತ್ಯಾದಿ. ನಕ್ಷೆ ಬರೆದ ಕಚೇರಿಗೇ ಹೋಗಿ, ನಕ್ಷೆಯಲ್ಲಿ ನನ್ನ ಜಾಗ ಹಸಿರು ಉಂಟು ಅಂತ ಕೃಷಿಕನೇ ಕಾಗದ ಹಿಡಿದು ರುಜುವಾತು ಮಾಡಬೇಕಾದ ಸ್ಥಿತಿ. ಆಮೇಲೆ ಯಾವ ಜಾಗ ಬಿಟ್ಟರು, ಯಾಕೆ ಬಿಟ್ಟರು ಎಂಬುದೇ ದೊಡ್ಡ ಗಲಾಟೆಯಾಗಿ, 2014ರಲ್ಲಿ ನ್ಯಾಯಮೂರ್ತಿ ಕೆಂಪಣ್ಣ ಆಯೋಗವನ್ನು ನೇಮಿಸಬೇಕಾಯಿತು. ಇತ್ತ 2006ರಲ್ಲೇ ಸೈಟು ಹಂಚಿದ್ದರೂ ಎಷ್ಟೋ ಮಂದಿಗೆ ವರ್ಷಗಟ್ಟಲೆ ಮನೆ ಕಟ್ಟಲು ಆಗಲಿಲ್ಲ. ಹೊಲವೂ ಹೋಯಿತು, ಮನೆಯೂ ಬರಲಿಲ್ಲ.

ಈ ಹಸಿರು ವಲಯ ಎಂಬುದು ಬಂದದ್ದು ಹೇಗೆ? ಪೇಟೆ ಎಲ್ಲೆ ಮೀರಿ ಹರಡಬಾರದು, ಸುತ್ತ ಒಂದು ಪಟ್ಟಿ ಬೇಸಾಯದ ಭೂಮಿ ಉಳಿಯಬೇಕು ಎಂಬ ಲೆಕ್ಕದಲ್ಲಿ 1984ರ ಬೆಂಗಳೂರು ಯೋಜನೆಯಲ್ಲೇ ಅದನ್ನು ಗುರುತಿಸಿದ್ದರು. 1995ರಲ್ಲಿ ನಕ್ಷೆ ಬದಲಾಯಿತು. 2007ರಲ್ಲಿ ಪುನಃ ಬದಲಾಯಿತು. ಪ್ರತಿ ಸಲವೂ ಪೇಟೆಯ ಬಣ್ಣ ಹೊರಗೆ ಹರಡಿತು, ಹಸಿರು ಹಿಂದೆ ಸರಿಯಿತು. ದಶಕಗಳ ಕಾಲ ನಕ್ಷೆ ಬರೆದದ್ದೂ ಬಿಡಿಎ, ಬಡಾವಣೆ ಮಾಡಿ ಸೈಟು ಮಾರಿದ್ದೂ ಬಿಡಿಎ. ಬೇಲಿ ಕಾಯುವವನೇ ಹೋರಿ ಮೇಯಿಸುವವನಾದರೆ ಗದ್ದೆಯ ಗತಿ ಏನು ಅಂತ ನಾನು ಹೇಳಬೇಕಾಗಿಲ್ಲ.

"ರೈತರಿಗೇನು ನಷ್ಟ? ಎಕರೆಗೆ ನಲವತ್ತು ಶೇಕಡಾ ಅಭಿವೃದ್ಧಿಪಡಿಸಿದ ಜಾಗ ಕೊಡ್ತಾರಲ್ಲ" ಎನ್ನುವವರು ಇದ್ದಾರೆ. ಅರುವತ್ತು-ನಲವತ್ತರ ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಿ. ಒಂದು ಎಕರೆ ಅಂದರೆ 43,560 ಚದರ ಅಡಿ. ರಸ್ತೆ, ಪಾರ್ಕು ಎಲ್ಲ ಕಳೆದು ಸೈಟಿಗೆ ಸಿಗುವುದು ಶೇಕಡಾ 55, ಅಂದರೆ 23,958 ಚದರ ಅಡಿ. ಅದರ ಶೇಕಡಾ 40 ಎಂದರೆ 9,583. ಮಾತಿನಲ್ಲಿ ನಲವತ್ತು, ಕೈಗೆ ಬರುವುದು ಇಪ್ಪತ್ತೆರಡು. ಆ ಇಪ್ಪತ್ತೆರಡು ಸೆಂಟ್ಸಿನಲ್ಲಿ ಎರಡು ದನ ಕಟ್ಟುವಂತಿಲ್ಲ, ಗೊಬ್ಬರದ ಗುಂಡಿ ತೋಡುವಂತಿಲ್ಲ. ಮಾರಬಹುದು, ಅಷ್ಟೇ. ಮಾರಿದ ಮೇಲೆ ಕೃಷಿಕ ಏನು ಮಾಡುತ್ತಾನೆ ಎಂಬ ಕಾಲಂ ಯಾವ ಫಾರ್ಮಿನಲ್ಲೂ ಇಲ್ಲ.

2013ರ ಭೂಸ್ವಾಧೀನ ಕಾಯಿದೆ ಬಂದಾಗ ನಮ್ಮವರಿಗೆ ಸ್ವಲ್ಪ ಧೈರ್ಯ ಬಂದಿತ್ತು. ನೀರಾವರಿ ಇರುವ, ಎರಡು ಮೂರು ಬೆಳೆ ಬರುವ ಭೂಮಿಯನ್ನು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ತೆಗೆದುಕೊಳ್ಳಬೇಕು ಎಂದು ಅದರಲ್ಲಿದೆ. ಆದರೆ ಬಿಡಿಎ ತನ್ನ 1976ರ ಕಾಯಿದೆಯಡಿ ಮಾಡುವ ಸ್ವಾಧೀನಕ್ಕೆ 2013ರ ಕಾಯಿದೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟು 2022ರ ಜನವರಿಯಲ್ಲಿ ಹೇಳಿತು. ಮುಂದಿನ ಬಾಗಿಲಿಗೆ ಬೀಗ ಹಾಕಿ ಹಿಂದಿನ ಬಾಗಿಲು ತೆರೆದಿಟ್ಟ ಹಾಗಾಯಿತು.

ಇಷ್ಟಾದರೂ ವಿರೋಧ ವ್ಯರ್ಥ ಎಂದು ಹೇಳಲಾರೆ. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಯವರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 1,777 ಎಕರೆಯ ಸ್ವಾಧೀನವನ್ನು ಕೈಬಿಡುತ್ತೇವೆ ಎಂದು 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಬೇಕಾಯಿತು. ಅದು ಮನೆಗಳಿಗಲ್ಲ, ಕೈಗಾರಿಕೆಗೆ ಕೇಳಿದ ಜಾಗ. ಆದರೆ ಅದೇ ವರ್ಷ ಬಿಡದಿ ಹತ್ತಿರ ಬೈರಮಂಗಲ, ಕಂಚುಗಾರನಹಳ್ಳಿ ಕಡೆಯವರು ಬೀದಿಗಿಳಿದದ್ದು ಟೌನ್‌ಶಿಪ್ ಬೇಡ ಅಂತ. ಒಂಬತ್ತು ಹಳ್ಳಿಗಳ ಏಳು ಸಾವಿರ ಎಕರೆಗೂ ಹೆಚ್ಚು ಜಾಗದ ಯೋಜನೆ ಅದು. ತೆಂಗು, ರೇಷ್ಮೆ, ಹಾಲು ನಂಬಿ ಬದುಕುವ ಊರುಗಳು.

ಬೆಂಗಳೂರಿನವರ ಜಗಳ ನಮಗೆ ಯಾಕೆ ಮಾರಾಯ್ರೆ ಎನ್ನಬೇಡಿ. ನಮ್ಮ ಕರಾವಳಿಯಲ್ಲಿ ಮೂರು ಸಾವಿರ ಎಕರೆ ಒಟ್ಟಿಗೆ ಹೋಗುವುದಿಲ್ಲ, ಐದು ಸೆಂಟ್ಸ್ ಐದು ಸೆಂಟ್ಸ್ ಆಗಿ ಹೋಗುತ್ತದೆ. ಸದ್ದೇ ಆಗುವುದಿಲ್ಲ. ಹೆದ್ದಾರಿ ಬದಿಯ ಬೈಲು ಗದ್ದೆಗೆ ಒಂದು ಮಳೆಗಾಲ ಕಳೆದ ಕೂಡಲೇ ಟಿಪ್ಪರಿನಲ್ಲಿ ಮಣ್ಣು ಬಂದು ಬೀಳುತ್ತದೆ. ಮರುವರ್ಷ ಕಾಂಪೌಂಡು. ತೋಡಿನ ಬಾಯಿ ಕಟ್ಟಿ, ಮೇಲಿನವನ ಅಡಿಕೆ ತೋಟದಲ್ಲಿ ನೀರು ನಿಂತು ಬೇರು ಕೊಳೆಯುವಾಗ ಎಲ್ಲರಿಗೂ ಎಚ್ಚರ. ಒಂದೆಕರೆ ಗದ್ದೆಯಲ್ಲಿ ನಾಲ್ಕು ಇಂಚು ನೀರು ನಿಂತರೆ ಅದು ನಾಲ್ಕು ಲಕ್ಷ ಲೀಟರ್. ಮಳೆಗಾಲವಿಡೀ ಹುಣಿಯೊಳಗೆ ನಿಂತು ಇಂಗುತ್ತಿದ್ದ ಆ ನೀರೇ ಮಾರ್ಚ್-ಎಪ್ರಿಲ್‌ನಲ್ಲಿ ನಮ್ಮ ಬಾವಿಗೆ ಬರುತ್ತಿದ್ದದ್ದು. ಗದ್ದೆ ಸೈಟಾದ ಮೇಲೆ ಬಾವಿ ಯಾಕೆ ಬತ್ತಿತು ಅಂತ ಜಲ ನೋಡುವವರನ್ನು ಕರೆಸುತ್ತೇವೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು, ಕೆಲವರಿಗೆ ಕಹಿಯಾಗಬಹುದು. ಹಸಿರು ಉಳಿಯಲಿ ಎಂದು ಹೇಳುವವರಲ್ಲಿ ಎಲ್ಲರೂ ಕೃಷಿಕರಲ್ಲ. ತನ್ನ ಹೊಸ ಮನೆಯ ಕಿಟಕಿಯಿಂದ ಗದ್ದೆ ಕಾಣಬೇಕು, ಪಕ್ಕದ ಗದ್ದೆಯಲ್ಲಿ ಮಾತ್ರ ಇನ್ನೊಬ್ಬರ ಮನೆ ಏಳಬಾರದು ಎನ್ನುವವರು ಸಾಕಷ್ಟಿದ್ದಾರೆ. ಅವರ ದೃಷ್ಟಿಸುಖಕ್ಕಾಗಿ ನಾವು ನಷ್ಟದಲ್ಲಿ ಭತ್ತ ಬೆಳೆಯಬೇಕೆ? ಮಗಳ ಮದುವೆಗೋ, ಆಸ್ಪತ್ರೆ ಖರ್ಚಿಗೋ ಹತ್ತು ಸೆಂಟ್ಸ್ ಮಾರಿದ ಬಡ ಕೃಷಿಕನನ್ನು ದುರಾಸೆಯವ ಎನ್ನುವ ಹಕ್ಕು ಯಾರಿಗೂ ಇಲ್ಲ. ಎರಡನೇ ಮಗನಿಗೆ ಒಂದು ಮನೆ ಎಂದು ಹೊರಟವನಿಗೆ ಕನ್ವರ್ಶನ್, ಏಕ ನಿವೇಶನ ನಕ್ಷೆ, ನೈನ್ ಇಲೆವೆನ್ ಅಂತ ಕಚೇರಿಯಿಂದ ಕಚೇರಿಗೆ ಅಲೆದಾಟ. 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ತೆಗೆದುಹಾಕಿದ ಮೇಲೆ ಕೃಷಿಕನಲ್ಲದವನೂ ದುಡ್ಡಿದ್ದರೆ ಜಾಗ ಕೊಳ್ಳಬಹುದು. ಆಸೆ ಹುಟ್ಟಿಸುವ ವ್ಯವಸ್ಥೆಯನ್ನು ಮಾಡಿಟ್ಟು, ಆಸೆಪಟ್ಟವನನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ದಾರಿ? ಗಡಿಯಾಚೆ ಕಾಸರಗೋಡಿನ ನಮ್ಮ ಓದುಗರು ಬಲ್ಲರು. ಕೇರಳದಲ್ಲಿ ನೆಲ್ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣೆಗೆ 2008ರಿಂದಲೇ ಕಾಯಿದೆ ಉಂಟು. ಯಾವ್ಯಾವುದು ಗದ್ದೆ ಎಂದು ಪಂಚಾಯತುವಾರು ಪಟ್ಟಿ, ಅದಕ್ಕೆ ಡೇಟಾ ಬ್ಯಾಂಕ್ ಎನ್ನುತ್ತಾರೆ. ಸ್ಥಳೀಯ ಸಮಿತಿಗೆ ಪಂಚಾಯತು ಅಧ್ಯಕ್ಷರೇ ಅಧ್ಯಕ್ಷರು, ಕೃಷಿ ಅಧಿಕಾರಿ ಸಂಚಾಲಕರು, ಜತೆಗೆ ಮೂವರು ಕೃಷಿಕ ಪ್ರತಿನಿಧಿಗಳು. ಬೇರೆ ಜಾಗವೇ ಇಲ್ಲದ ಗದ್ದೆ ಒಡೆಯ ತನ್ನ ವಾಸಕ್ಕೆ ಪಂಚಾಯತಿನಲ್ಲಿ 10 ಸೆಂಟ್ಸ್, ಪೇಟೆಯಲ್ಲಿ 5 ಸೆಂಟ್ಸ್‌ವರೆಗೆ ಮನೆಗೆ ಅನುಮತಿ ಕೇಳಬಹುದು. ಅಂದರೆ ಕೃಷಿಕನ ಮನೆ ಬೇರೆ, ಬಡಾವಣೆ ಬೇರೆ ಎಂಬ ವಿವೇಕ ಆ ಕಾಯಿದೆಗಿದೆ. 2020ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಗದ್ದೆಯನ್ನು ಗದ್ದೆಯಾಗಿ ಉಳಿಸಿದ ಒಡೆಯನಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ರಾಯಲ್ಟಿ ಎಂದು ಆಗ ನಿಗದಿ ಮಾಡಿದರು. ಎಕರೆಗೆ ಎಂಟುನೂರು ಚಿಲ್ಲರೆ. ಒಂದಾಳಿನ ಒಂದು ದಿನದ ಮಜೂರಿಗೂ ಸಾಕಾಗುತ್ತಿರಲಿಲ್ಲ, ನಿಜ. ಆದರೆ ನೀನು ಉಳಿಸಿದ ಗದ್ದೆಯಿಂದ ಊರಿಗೆ ನೀರು, ಅದರ ಋಣ ನಮ್ಮ ಮೇಲಿದೆ ಎಂದು ಸರಕಾರವೊಂದು ಕಾಗದದಲ್ಲಿ ಒಪ್ಪಿಕೊಂಡಿತಲ್ಲ, ಅದು ಸಣ್ಣದಲ್ಲ. ಕೇರಳದಲ್ಲಿ ಎಲ್ಲ ಸರಿ ಉಂಟು ಎಂದಲ್ಲ. 2018ರ ತಿದ್ದುಪಡಿಯಲ್ಲಿ ಡೇಟಾ ಬ್ಯಾಂಕಿನ ಹೊರಗುಳಿದ ಜಾಗವನ್ನು ಶುಲ್ಕ ಕಟ್ಟಿ ಸಕ್ರಮ ಮಾಡುವ ದಾರಿ ತೆರೆದರು. ಅಲ್ಲಿಯೂ ಒಂದು ಗೇಟು.

ನಮ್ಮಲ್ಲಿ ಹಸಿರು ವಲಯ ಉಳಿಸಬೇಕೆಂದರೆ ಬಣ್ಣ ಬಳಿದರೆ ಸಾಲದು. ಆ ಬಣ್ಣದೊಳಗೆ ಇರುವವನಿಗೆ ಹೊರಗೆ ಇರುವವನಿಗಿಂತ ಏನಾದರೂ ಹೆಚ್ಚು ಸಿಗಬೇಕು. ಕೆರೆ-ತೋಡು ದುರಸ್ತಿಗೆ ಮೊದಲ ಆದ್ಯತೆ, ಕಡಿಮೆ ಬಡ್ಡಿಯ ಸಾಲ, ಮಕ್ಕಳಿಗೆ ಮನೆ ಕಟ್ಟಲು ಕಚೇರಿ ಅಲೆಯದ ಸರಳ ಅನುಮತಿ. ಗ್ರಾಮಸಭೆ ಒಪ್ಪದೆ ಆ ಬಣ್ಣ ಬದಲಿಸಬಾರದು. ಮತ್ತೆ, ಸ್ವಾಧೀನಕ್ಕೆ ಜಾಗ ಹುಡುಕುವಾಗ ಬೆಳೆ ಇರುವುದು ಕೊನೆಯ ಸಾಲಿಗೆ ಹೋಗಬೇಕು. ಈಗ ಅದೇ ಮೊದಲ ಸಾಲಿನಲ್ಲಿದೆ, ಕಟ್ಟಡ ಕೆಡಹುವ ತಾಪತ್ರಯ ಇಲ್ಲವಲ್ಲ!

ಇದೆಲ್ಲ ಬರುವವರೆಗೆ ನಾವು ಮಾಡಬಹುದಾದ್ದು ಸ್ವಲ್ಪ ಉಂಟು. ಯಾವುದೇ ಯೋಜನಾ ಪ್ರಾಧಿಕಾರ ಹೊಸ ಮಹಾಯೋಜನೆಯ ನಕ್ಷೆ ಪ್ರಕಟಿಸಿದಾಗ ಆಕ್ಷೇಪಣೆಗೆ 60 ದಿನ ಅವಕಾಶ ಇರುತ್ತದೆ. ನಕ್ಷೆ ಬಂದ ಮೇಲೆ ಯಾರಾದರೊಬ್ಬರ ಜಾಗದ ಬಣ್ಣ ಬದಲಿಸುವುದಿದ್ದರೂ ಪೇಪರಿನಲ್ಲಿ ಜಾಹೀರಾತು ಕೊಡಬೇಕು. ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಅದನ್ನು ನಾವು ಓದುವುದಿಲ್ಲ, ಪೇಪರು ಅಡಿಕೆ ಗೋಣಿಯಡಿಗೆ ಹೋಗಿರುತ್ತದೆ. ಊರಿನಲ್ಲಿ ಒಬ್ಬರಾದರೂ ಅದನ್ನೇ ನೋಡುವವರು ಇರಲಿ. ಆಕ್ಷೇಪಣೆ ಕನ್ನಡದಲ್ಲೇ ಬರೆಯಿರಿ, ಒಟ್ಟಾರೆ "ವಿರೋಧವಿದೆ" ಎಂದು ನೂರು ಸಹಿ ಹಾಕಿ ಕಳಿಸುವುದಕ್ಕಿಂತ ಒಬ್ಬೊಬ್ಬರೂ ತಮ್ಮ ಸರ್ವೆ ನಂಬರು, ಬೆಳೆ, ಬಾವಿ, ಹಾದುಹೋಗುವ ತೋಡು ಇಷ್ಟನ್ನು ನಮೂದಿಸಿ ಕೊಟ್ಟು ಹಿಂಬರಹ ಕೇಳಿ ಪಡೆಯಿರಿ. ಅದಕ್ಕೂ ಮೊದಲು ನಿಮ್ಮ ಆರ್‌ಟಿಸಿ ತೆಗೆದು ಬೆಳೆಯ ಕಾಲಂ ನೋಡಿ. ಇಪ್ಪತ್ತು ವರ್ಷದ ತೋಟವಿದ್ದರೂ ಅಲ್ಲಿ ಖಾಲಿ ಇರುವುದುಂಟು. ಬೆಳೆ ಸಮೀಕ್ಷೆಯ ಆಪ್‌ನಲ್ಲಿ ಕೃಷಿಕರೇ ಬೆಳೆ ದಾಖಲಿಸಲು ಅವಕಾಶ ಕೊಟ್ಟಿದ್ದಾರೆ. ಮೊಬೈಲು ಬಾರದಿದ್ದರೆ ಮನೆಯ ಮಕ್ಕಳಿಂದ ಮಾಡಿಸಿ, ಇಲ್ಲವಾದರೆ ಗ್ರಾಮಕರಣಿಕರನ್ನು ಕರಕೊಂಡು ಬಂದು ತೋಟ ತೋರಿಸಿ.